ದಾರಿಯಲ್ಲಿ ಕಾಣೆಯಾದವರು

ನಮ್ಮ ಮಾಜಿವಾಡಾ ನಾಕೆಯಲ್ಲಿ ಘೋಡಬಂದರ ರಸ್ತೆಯು ಹಳೆಯ ಆಗ್ರಾ ರಸ್ತೆಯನ್ನು ಕೂಡುತ್ತದೆ. ಎರಡು ಶತಮಾನಗಳ ಹಿಂದೆ ಮುಂಬಯಿಯಿಂದ ಇಂದೂರಿಗೆ ಸಾಹುಕಾರರ ಹಣ ಹೊತ್ತು ಹೊರಟವರು ಖಾನದೇಶದ ದಾರಿಯಲ್ಲಿ ಗುರುತಿಲ್ಲದಂತೆ ಮಾಯವಾದದ್ದುಂಟು. ಚಿಲ್ಲರೆಯಲ್ಲಿ ಮೋಸಮಾಡಿದವನನ್ನು ನಾವು ‘ಠಕ್ಕ’ನೆಂದು ಬೈಯುತ್ತೇವೆ, ಅಂದು ಆ ಹೆಸರು ಹೊತ್ತವರು ಚಿಲ್ಲರೆಯ ಕಳ್ಳರಾಗಿರಲಿಲ್ಲ.

ದಕ್ಷಿಣದಲ್ಲಿ ಅವರನ್ನು ಫಾಸಿಗಾರರೆನ್ನುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುಣದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು ನೂರು ಮಂದಿ ಸೆರೆಸಿಕ್ಕಿದರಂತೆ. ಅವರು ಸಜ್ಜನರಂತೆ ಪಯಣಿಗರ ಜೊತೆಗೂಡುವರು. ಒಟ್ಟಿಗೆ ಉಣ್ಣುವರು, ಹರಟುವರು. ‘ತಂಬಾಕು ತಾ’ ಎಂಬಂತಹ ಸಂಕೇತವೊಂದು ಕೇಳಿಸಿದೊಡನೆ ರುಮಾಲು ಕೊರಳಿಗೆ ಬೀಳುವುದು. ಹೆಣವನ್ನು ಮಣ್ಣುಮಾಡಿ, ಭವಾನಿಯ ಹೆಸರಿನಲ್ಲಿ ಬೆಲ್ಲ ಹಂಚಿಕೊಂಡು ಮುಂದೆ ಸಾಗುವರು. ಅವರಲ್ಲಿ ಹಿಂದುಗಳಿದ್ದರು, ಮುಸಲ್ಮಾನರೂ ಇದ್ದರು. ಮಾತಿಗೆ ‘ರಾಮಸಿ’ ಎಂಬ ಗುಪ್ತಭಾಷೆಯಿತ್ತು.

ಬಲಿಯಾದವರಲ್ಲಿ ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಬಹಳ ಮಂದಿ. ವರ್ಷಗಳ ಸಂಬಳ ಸೊಂಟದಲ್ಲಿ. ದಂಡಿನವರು ಊರಲ್ಲಿರುವನೆಂದು ತಿಳಿಯುವರು, ಊರವರು ದಂಡಿನಲ್ಲಿರುವನೆಂದು ತಿಳಿಯುವರು, ನಡುವೆ ಹುಡುಕುವವರಿಲ್ಲ. ಮನೆಗೆ ಹಣ ಕಳುಹಿಸುವ ನಮಗೆ ಇದರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1810ರಲ್ಲಿ ಜನರಲ್ ಸೇಂಟ್ ಲೆಜರ್ ಹೊರಡಿಸಿದ ಆಜ್ಞೆಯು ಅಪರಿಚಿತರೊಡನೆ ಪಯಣಿಸಬೇಡಿರಿ, ನಗದನ್ನು ಒಯ್ಯದೆ ಹುಂಡಿಯ ಮೂಲಕ ಕಳುಹಿಸಿರಿ ಎಂದು ಸಿಪಾಯಿಗಳನ್ನು ಎಚ್ಚರಿಸಿತು.

ಮುಂದೆ ಸುರಪುರದಲ್ಲಿ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರನು 1820ರ ದಶಕದ ಕೊನೆಯಲ್ಲಿ ತುಳಜಾಪುರದ ಕಡೆ ನಿಜಾಮನ ಪೊಲೀಸ್ ಅಧಿಕಾರಿಯಾಗಿದ್ದನು. ಇಪ್ಪತ್ತರ ಹರೆಯ. ದಾರಿಯ ಬದಿಯಲ್ಲಿ ಸಿಕ್ಕ ಹೆಣಗಳ ಜಾಡನ್ನು ಹಿಡಿಯತೊಡಗಿದ್ದನು; ಅಷ್ಟರಲ್ಲಿಯೇ ಅವನನ್ನು ದಂಡಿಗೆ ಮರಳಿ ಕರೆಸಿಕೊಂಡರು. ಇನ್ನಷ್ಟು ದಿನ ಬಿಟ್ಟಿದ್ದರೆ ಗುಟ್ಟನ್ನು ತಾನೇ ಮೊದಲು ಬಯಲುಮಾಡುತ್ತಿದ್ದೆನೆಂಬ ಕೊರಗು ಅವನಿಗೆ ಕಡೆಯವರೆಗೂ ಉಳಿಯಿತು. ಕೀರ್ತಿಯು ವಿಲಿಯಂ ಸ್ಲೀಮನನ ಪಾಲಾಯಿತು. ಅವನು ನರಸಿಂಗಪುರದ ಅಧಿಕಾರಿಯಾಗಿದ್ದಾಗ ಕಚೇರಿಯ ಸಮೀಪದ ತೋಪುಗಳಲ್ಲಿಯೇ ಕೊಲೆಗಳು ನಡೆದಿದ್ದವು; ಅವನಿಗೆ ಸುಳಿವಿರಲಿಲ್ಲ! ಮುಂದೆ ಸೆರೆಸಿಕ್ಕ ಫಿರಂಗಿಯಾ ಎಂಬ ಮುಖಂಡನು ಮಾಫಿಸಾಕ್ಷಿಯಾಗಿ ತೋಪೊಂದರಲ್ಲಿ ಹೂತ ಹೆಣಗಳನ್ನು ತೋರಿಸಿದ ಮೇಲೆ ತನಿಖೆಯು ದಾರಿ ಹಿಡಿಯಿತು.

ಇಲ್ಲಿ ನಾವು ತುಸು ತಡೆದು ಯೋಚಿಸಬೇಕು. ಹೆಣಗಳು ಸುಳ್ಳಲ್ಲ. ಆದರೆ ಇದೊಂದು ‘ಧರ್ಮ’ವೆಂಬ ಮಾತಿಗೆ ಮುಖ್ಯ ಆಧಾರ ಮಾಫಿಸಾಕ್ಷಿಗಳ ಹೇಳಿಕೆ. ನೇಣು ತಪ್ಪಿಸಿಕೊಳ್ಳಬೇಕಾದವನು, ಕೇಳುವವನು ಬಯಸಿದ್ದನ್ನು ಹೇಳಲಾರನೇ? ದೇವಿಯ ಹೆಸರು ಹಿಡಿಯದ ದರೋಡೆಕೋರನು ಆ ಕಾಲದಲ್ಲಿ ಎಲ್ಲಿದ್ದನು? ಕಿಮ್ ವಾಗ್ನರ್‌ರಂತಹ ಇತಿಹಾಸಕಾರರು ಇದನ್ನು ಹೊಟ್ಟೆಪಾಡಿನ ದರೋಡೆಯೆಂದೇ ನೋಡುತ್ತಾರೆ. ನಮಗೂ ಅದೇ ಸರಿಯೆನಿಸುತ್ತದೆ.

1836ರ ಕಾಯಿದೆಯಂತೂ ಇಂಥ ಕೊಲೆಯೆಂದು ರುಜುಪಡಿಸುವ ಗೋಜನ್ನೇ ಇಡಲಿಲ್ಲ. ಠಕ್ಕರ ಗುಂಪಿನವನೆಂದು ಸಿದ್ಧವಾದರೆ ಸಾಕು, ಜೀವಾವಧಿ ಸೆರೆ. ಅಪರಾಧಿಯೊಡನೆ ಅಮಾಯಕನೂ ಸಿಲುಕಿರಲು ಸಾಕು. ಪ್ರಾಣ ಉಳಿಸಿಕೊಂಡ ಮಾಫಿಸಾಕ್ಷಿಗಳು ಜಬಲ್ಪುರದ ಕಾರ್ಖಾನೆಯಲ್ಲಿ ಜಮಖಾನೆ ನೇಯ್ದರು. ಭಾರತೀಯ ದಂಡಸಂಹಿತೆಯ 310ನೆಯ ಕಲಮಿನಲ್ಲಿ ‘ಠಗ್’ ಎಂಬುದರ ವ್ಯಾಖ್ಯೆಯು ಬಹುಕಾಲ ಉಳಿದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದನ್ನು ಕೈಬಿಡಲಾಗಿದೆ.