ಮೇಜಿನ ಮೇಲೆ ಮುನಿರಾಬಾದ್

ನಂಬ್ತೀರಾ? ತುಂಗಭದ್ರಾ ಡ್ಯಾಮನ್ನು ಒಂದು ಕಲ್ಯಾಣ ಮಂಟಪದೊಳಗೆ ತಂದು ನಿಲ್ಲಿಸಬಹುದು! ಉದ್ದ 28 ಮೀಟರ್. ಎತ್ತರ, ಅಡಿಪಾಯದಿಂದ ಅಳೆದರೂ, 57 ಸೆಂಟಿಮೀಟರ್. 33 ಗೇಟುಗಳೂ ಇರುತ್ತವೆ. ಒಂದೊಂದರ ಅಗಲ ಹೆಚ್ಚುಕಡಿಮೆ ಒಂದು ಗೇಣು, ಎತ್ತರ ನಾಲ್ಕು ಬೆರಳು. ಡ್ಯಾಮಿನ ಕೆಳಗಡೆ ಹೊಳೆ ದಾಟಿ ಬರುವ ರೈಲು, ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದು ಹುಲಿಗೆಮ್ಮನ ಗುಡಿಯತ್ತ ಹೊರಟ ಎರಡು ಸೆಂಟಿಮೀಟರ್ ಎತ್ತರದ ಭಕ್ತರು!

ಇದು ಮಾದರಿ ರೈಲಿನ ಎಚ್‌ಓ ಅಳತೆಯ ಲೆಕ್ಕ: ನಿಜದ 87 ಮೀಟರಿಗೆ ಇಲ್ಲಿ ಒಂದು ಮೀಟರ್. ಇದನ್ನೇ ಹಿಡಿದುಕೊಂಡು ಇಡೀ ಊರು, ಹಳಿ, ಸಿಗ್ನಲ್ಲು, ಬೇಲಿಯ ಮೇಲೆ ಒಣಗಿಸಿದ ಬಟ್ಟೆಯನ್ನೂ ಬಿಡದೆ ಕಟ್ಟುವವರ ಸಂಘಗಳು ಜಗತ್ತಿನ ತುಂಬ ಇವೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲೇ ಲೈಪ್‌ಜಿಗ್ ಸಂತೆಯಲ್ಲಿ ಒಂದೇ ಅಳತೆಗೆ ಹೊಂದುವ ಆಟಿಕೆ ಹಳಿಗಳನ್ನು ತೋರಿಸಿತ್ತು. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ ಹುಟ್ಟಿದ್ದು 1910ರಲ್ಲಿ. ಅಷ್ಟು ದೂರ ಯಾಕೆ, ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ 1998ರಿಂದ ಇದೆ. ನಮ್ಮಲ್ಲಿ ಮೈಸೂರಿನ ರೈಲು ಮ್ಯೂಸಿಯಂ 1979ರದು, ಹುಬ್ಬಳ್ಳಿಯದು 2020ರದು. ಅಲ್ಲಿರುವುದು ನಿಜವಾದ ಎಂಜಿನ್, ನಿಜವಾದ ಬೋಗಿ. ಮೇಜಿನ ಮೇಲಿನ ಸೋಜಿಗವೇ ಬೇರೆ.

ಈ ಸಂಘಗಳ ವಾರ್ಷಿಕ ಪ್ರದರ್ಶನದ ತಯಾರಿ ಕೇಳಿದರೆ ಬೆರಗಾಗುತ್ತದೆ. ಇಡೀ ಊರನ್ನು ನಾಲ್ಕಡಿ ಹಲಗೆಗಳಾಗಿ ತುಂಡು ಮಾಡಿ ಕಟ್ಟಬೇಕು, ವ್ಯಾನಿಗೆ ಹೇರಬೇಕು, ಇನ್ನೆಲ್ಲೋ ಇಳಿಸಿ ಮತ್ತೆ ಜೋಡಿಸಬೇಕು. ಜೋಡಣೆಯಲ್ಲಿ ಎರಡು ಹಳಿಗಳ ನಡುವೆ ಕೂದಲೆಳೆಯಷ್ಟು ಏರುಪೇರಾದರೂ ಎಂಜಿನ್ ಹಳಿ ತಪ್ಪುತ್ತದೆ. ಹಳಿಯ ಮೇಲೆ ಧೂಳು ಕೂತರೆ ಕರೆಂಟು ಹರಿಯುವುದಿಲ್ಲ, ಅದಕ್ಕೇ ಒಬ್ಬರು ಸ್ಪಿರಿಟ್ ಹಚ್ಚಿದ ಬಟ್ಟೆ ಹಿಡಿದು ಆಗಾಗ ಒರೆಸುತ್ತಲೇ ಇರುತ್ತಾರೆ. ಆ ಕರೆಂಟಿನ ಆಟ ಇನ್ನೂ ಮಜಾ! ಈಗಿನ ಡಿಜಿಟಲ್ ಪದ್ಧತಿಯಲ್ಲಿ ವಿದ್ಯುತ್ತೂ ಅಪ್ಪಣೆಯೂ ಅದೇ ಹಳಿಯಲ್ಲಿ ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಒಂದು ಚಿಪ್, ಅದಕ್ಕೊಂದು ನಂಬರು. ತನ್ನ ನಂಬರು ಕರೆದರೆ ಮಾತ್ರ ಅದು ಕದಲುತ್ತದೆ.

ನೋಡುವವರಿಗೆ ಕಾಣದ ಜಾಗವೊಂದಿದೆ, ಫಿಡ್ಲ್ ಯಾರ್ಡ್ ಅಂತ. ದೊಡ್ಡಾಟದಲ್ಲಿ ಪರದೆಯ ಹಿಂದೆ ವೇಷ ಕಟ್ಟಿಕೊಂಡು ಸರದಿಗೆ ಕಾಯುತ್ತಾರಲ್ಲ, ಹಾಗೆ ರೈಲುಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಈಚೆ ನಿಂತ ಹುಡುಗನಿಗೆ ಹೊಸಪೇಟೆಯಿಂದ ರೈಲು ಬಂತು, ಕೊಪ್ಪಳದ ಕಡೆ ಹೋಯಿತು ಅನ್ನುವುದಷ್ಟೇ ಗೊತ್ತು. ಅಂದಹಾಗೆ 58 ವ್ಯಾಗನ್ನಿನ ಅದಿರು ಗಾಡಿಗೆ ಈ ಅಳತೆಯಲ್ಲೂ ಏಳು ಮೀಟರ್ ಜಾಗ ಬೇಕು! ಅದಕ್ಕೇ ಕಟ್ಟುವವರು ಮೋಸವಲ್ಲದ ಮೋಸ ಮಾಡುತ್ತಾರೆ: ಇಪ್ಪತ್ತು ವ್ಯಾಗನ್ ಇಟ್ಟು, ಸ್ಟೇಷನ್ ಕಟ್ಟಡದ ಹಿಂದೆ ಹಾಯಿಸಿ, ಇನ್ನೂ ಬರುತ್ತಲೇ ಇದೆ ಅನ್ನಿಸುತ್ತಾರೆ.

ಇನ್ನು ಹಳಿಯ ಅಗಲದ ಕತೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿಲಿಮೀಟರ್ ಮೇಲೆ ಚೂರು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ ಯುರೋಪಿನ ಅಳತೆಯದು, 16.5 ಮಿಲಿಮೀಟರ್. ಅದರ ಮೇಲೆ ನಮ್ಮ ಅಗಲದ ಬೋಗಿ ನಿಲ್ಲಿಸಿದರೆ ಸಣ್ಣ ಕಾಲಿನ ದಪ್ಪ ಸಾಹುಕಾರನಂತೆ ಕಾಣುತ್ತದೆ. ಈಗ ಕೇಳಿ: ಹೊಸಪೇಟೆ–ಮುನಿರಾಬಾದ್–ಕೊಪ್ಪಳ–ಗದಗ ದಾರಿ 1990ರ ದಶಕದವರೆಗೂ ಮೀಟರ್‌ಗೇಜ್. 1,000 ಮಿಲಿಮೀಟರನ್ನು ಭಾಗಿಸಿದರೆ 11.5. ಸಿದ್ಧವಾಗಿ ಸಿಗುವ ಸಣ್ಣ ಹಳಿ 12! ಅರ್ಧ ಮಿಲಿಮೀಟರಷ್ಟೇ ವ್ಯತ್ಯಾಸ! ಕಿತ್ತುಹೋದ ಹಳೆಯ ಹಳಿಯೇ ಇವತ್ತಿನ ಹಳಿಗಿಂತ ನಿಜಕ್ಕೆ ಹತ್ತಿರವಾಗಿ ಮೇಜಿನ ಮೇಲೆ ಎದ್ದು ಬರುತ್ತದೆ. ಮೀಟರ್‌ಗೇಜಿನ ವೈಪಿ ಸ್ಟೀಮ್ ಎಂಜಿನ್ ಮತ್ತೆ ಹೊಗೆಯುಗುಳುತ್ತ ಮುನಿರಾಬಾದಿಗೆ ಬರಬೇಕಾದರೆ ಇದೊಂದೇ ದಾರಿ.

ಹಾಗಾದರೆ ಯಾವ ದಿನದ ಮುನಿರಾಬಾದ್? ಪಳಗಿದ ಮಾದರಿಕಾರರು ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಇದು. 2024ರ ಆಗಸ್ಟ್ 10ರ ರಾತ್ರಿ ಅಂದರೆ ಅಂದು ಕೊಚ್ಚಿಹೋದ 19ನೇ ಗೇಟಿನ ಜಾಗದಲ್ಲಿ ಬರೀ ನೊರೆ ಬಿಡಿಸಬೇಕು. 1940ರ ದಶಕದ ಕೊನೆ ಅಂದರೆ ಅರ್ಧ ಎದ್ದ ಗೋಡೆ ನಿಲ್ಲಿಸಬೇಕು, ಸುರ್ಕಿ ಗಾರೆಯ ಬಣ್ಣ ಹಚ್ಚಬೇಕು. 1945ರಲ್ಲಿ ಶಂಕುಸ್ಥಾಪನೆಯಾದ ಈ ಡ್ಯಾಮನ್ನು ಮುನಿರಾಬಾದ್ ಕಡೆಯಿಂದ ಹೈದರಾಬಾದ್ ಸಂಸ್ಥಾನ, ಹೊಸಪೇಟೆ ಕಡೆಯಿಂದ ಮದ್ರಾಸ್ ಪ್ರಾಂತ ಕಟ್ಟುತ್ತ ಬಂದವು. ಮಾದರಿ ರೈಲು ಸಂಘದವರು ಮಾಡುವುದೂ ಅದನ್ನೇ: ಒಂದು ಗುಂಪು ಅರ್ಧ ಹಲಗೆ, ಇನ್ನೊಂದು ಗುಂಪು ಉಳಿದರ್ಧ, ಪ್ರದರ್ಶನದ ದಿನ ನಡುವೆ ಕೂಡಿಸುವುದು. ಮುನಿರಾಬಾದ್–ಮಹಬೂಬ್‌ನಗರ ಮಾರ್ಗವನ್ನೂ ಸೇರಿಸಿಕೊಳ್ಳಬಹುದು. 1997–98ರಲ್ಲಿ ಮಂಜೂರಾಗಿ ಗಂಗಾವತಿಗೆ ರೈಲು ತಲುಪಿದ್ದು 2019ರಲ್ಲಿ; ಸಂಘದವರಿಗೆ ಅಷ್ಟು ಕಾಲ ಬೇಕಾಗಲಿಕ್ಕಿಲ್ಲ!

ಕೈಗೆಲಸದವರನ್ನು ಹುಡುಕಿಕೊಂಡು ಜರ್ಮನಿಗೆ ಹೋಗಬೇಕಾಗಿಲ್ಲ. ಕೊಪ್ಪಳದ ಪಕ್ಕದಲ್ಲೇ ಕಿನ್ನಾಳವಿದೆ. ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಸವರಿ, ಬಣ್ಣ ತುಂಬುವ ಚಿತ್ರಗಾರ ಮನೆತನಗಳು ಅಲ್ಲಿವೆ. ಅವರ ಕುಂಚಕ್ಕೆ ಎರಡು ಸೆಂಟಿಮೀಟರಿನ ಜೋಗಮ್ಮ, ಕಡಲೆಕಾಯಿ ಮಾರುವವಳು, ಹಸಿರು ಬಾವುಟ ಹಿಡಿದ ಗಾರ್ಡ್ ಎಷ್ಟರ ಕೆಲಸ?

ಒಂದು ಎಚ್ಚರ ಮಾತ್ರ. ರೈಲು ಓಡಿಸುವಾಗ ಕೈ ತಡೆದಿರಬೇಕು. ಗಂಟೆಗೆ 100 ಕಿಲೋಮೀಟರ್ ಓಡುವ ಎಕ್ಸ್‌ಪ್ರೆಸ್ ಈ ಅಳತೆಯಲ್ಲಿ ಸೆಕೆಂಡಿಗೆ 32 ಸೆಂಟಿಮೀಟರ್ ಸಾಗಿದರೆ ಸಾಕು. ಜೋರು ಬಿಟ್ಟರೆ ಅದು ಮತ್ತೆ ಆಟಿಕೆಯಾಗಿಬಿಡುತ್ತದೆ.

ಮುನಿರಾಬಾದ್, ಹುಲಗಿ, ಗಿಣಿಗೇರಾದ ರೈಲ್ವೆ ನಿವೃತ್ತರೇ, ನಿಮ್ಮ ಟ್ರಂಕಿನಲ್ಲಿ ಮೀಟರ್‌ಗೇಜ್ ಕಾಲದ ಸ್ಟೇಷನ್ನಿನ ಫೋಟೋ, ಹಳೆ ಟೈಮ್‌ಟೇಬಲ್ಲು, ಯಾರ್ಡಿನ ನಕ್ಷೆ ಇದ್ದರೆ ರದ್ದಿಗೆ ಹಾಕಬೇಡಿ. ಊರಿನ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಿಗೆ ತೋರಿಸಿ, ನಾಲ್ಕಡಿಯ ಒಂದೇ ಹಲಗೆಯಿಂದ ಶುರು ಮಾಡಿಸಿ. ಹುಲಿಗೆಮ್ಮನ ಜಾತ್ರೆಯಲ್ಲಿ ಒಂದು ಟೆಂಟು ಹಾಕಿದರೆ ನೋಡುವ ಜನಕ್ಕೇನೂ ಬರವಿಲ್ಲ.