ಸಂಬಳ ನಿಂತ ಮೇಲೆ ಯಾವ ದೇಶ?

ನನ್ನ ಮಾಮು, ಅಂದರೆ ಅಮ್ಮಿಯ ಅಣ್ಣ, ರಿಯಾದ್‌ನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. 2001ರಲ್ಲಿ ರೈಲು ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ವಿಮಾನ ಹಿಡಿದವರು. ಆಗ ನಮ್ಮ ಕಡೆ ದೇವನಹಳ್ಳಿಯ ಏರ್‌ಪೋರ್ಟ್ ಇರಲಿಲ್ಲ, ಅದು ಶುರುವಾಗಿದ್ದು 2008ರಲ್ಲಿ. ಈಗ ಮಾಮುಗೆ 57 ವರ್ಷ. ಕಳೆದ ರಜೆಯಲ್ಲಿ ಆರ್.ಟಿ. ನಗರದ ಮನೆಯಲ್ಲಿ ಎಲ್ಲರೂ ಸೇರಿದ್ದಾಗ, ರಾತ್ರಿ ಊಟ ಮುಗಿದು ದಸ್ತರ್‌ಖಾನ್ ಎತ್ತುವ ಮೊದಲೇ ಒಂದು ಮಾತು ಹೇಳಿದರು: "ಮುಂದಿನ ವರ್ಷ ಕಂಪನಿ ನನ್ನ ಕರಾರು ಮುಂದುವರಿಸೋದಿಲ್ಲವಂತೆ. ಇನ್ನು ಎಲ್ಲಿರೋದು, ನೀವೇ ಹೇಳಿ."

ಒಬ್ಬೊಬ್ಬರ ಬಾಯಲ್ಲೂ ಒಂದೊಂದು ದೇಶ ಬಂತು. ದುಬೈನಲ್ಲಿ ಕೆಲಸ ಮಾಡುವ ಅವರ ಮಗ, ನಮ್ಮ ಭಾಯಿ, ವಿಡಿಯೋ ಕಾಲ್‌ನಲ್ಲಿ "ಇಲ್ಲಿಗೇ ಬನ್ನಿ" ಎಂದರು. ಮದುವೆಯಾಗಿ ಕೆನಡಾಕ್ಕೆ ಹೋಗಿರುವ ಆಪಾ "ನನ್ನ ಹತ್ತಿರ ಇರಿ" ಎಂದರು. ಖಾಲೂ ಒಮ್ಮೆ ಟೂರ್‌ನಲ್ಲಿ ಕೌಲಾಲಂಪುರ ನೋಡಿ ಬಂದವರು, ಅವರದು ಮಲೇಷ್ಯಾ. ನಾನಿ ಮಾತ್ರ ಏನೂ ಹೇಳಲಿಲ್ಲ. ಕೊನೆಗೆ ಅಬ್ಬಾ ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಅಲ್ವಾ, ಲೆಕ್ಕ ಬರೆದು ತೋರಿಸು" ಎಂದರು. ಅಕೌಂಟೆನ್ಸಿಯ ರಫ್ ಪುಸ್ತಕದ ಹಿಂಬದಿಯಲ್ಲಿ ಒಂದು ವಾರ ಬರೆದೆ. ಅದನ್ನೇ ಇಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ಗಲ್ಫ್‌ನಲ್ಲಿ ಒಬ್ಬ ಚಾಚಾ ಅಥವಾ ಮಾಮು ಇದ್ದೇ ಇರುತ್ತಾರೆ, ಹಾಗಾಗಿ ಇದು ನಮ್ಮ ಮನೆಯ ಲೆಕ್ಕ ಮಾತ್ರ ಆಗಿರಲಾರದು.

ಮೊದಲು ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ. 24 ವರ್ಷ ಇದ್ದ ಸೌದಿಯಲ್ಲೇ ಮಾಮು ಯಾಕೆ ಉಳಿಯಬಾರದು? ಇದನ್ನು ಕೇಳಿದಾಗ ಮಾಮು ಜೇಬಿನಿಂದ ಇಕಾಮಾ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟರು. ಇಕಾಮಾ ಎಂದರೆ ವಾಸದ ಪರವಾನಗಿ. ಅದು ಕೆಲಸಕ್ಕೆ ಕಟ್ಟಿದ ಹಗ್ಗದ ಹಾಗೆ. ಕೆಲಸ ಇರುವವರೆಗೆ ನವೀಕರಣ ಆಗುತ್ತದೆ, ಕೆಲಸ ಹೋದರೆ ಅದೂ ಹೋಗುತ್ತದೆ. ಐದು ವರ್ಷ ಇದ್ದರೂ ಅಷ್ಟೆ, ಇಪ್ಪತ್ತೈದು ವರ್ಷ ಇದ್ದರೂ ಅಷ್ಟೆ. 2021ರಿಂದ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವುದು ಸುಲಭವಾಗಿದೆ ನಿಜ, ಆದರೆ 57ರ ಸ್ಟೋರ್ ಕೀಪರ್‌ನನ್ನು ಹೊಸದಾಗಿ ಯಾರು ಕರೆಯುತ್ತಾರೆ? 2019ರಲ್ಲಿ ಸೌದಿ ಸರ್ಕಾರ ಪ್ರೀಮಿಯಂ ರೆಸಿಡೆನ್ಸಿ ಎಂದು ಶುರು ಮಾಡಿತು. ಯಾವ ಕಂಪನಿಯ ಹಂಗೂ ಇಲ್ಲದೆ ಶಾಶ್ವತವಾಗಿ ಇರಬಹುದು, ಶುಲ್ಕ 8 ಲಕ್ಷ ರಿಯಾಲ್. ರಿಯಾಲಿಗೆ 23 ರೂಪಾಯಿ ಹಿಡಿದು ಗುಣಿಸಿದಾಗ 1 ಕೋಟಿ 84 ಲಕ್ಷ ಬಂತು. ಎರಡು ಸಲ ಗುಣಿಸಿ ನೋಡಿದೆ.

ಮುಮಾನಿ ಮತ್ತು ಮೂವರು ಮಕ್ಕಳು ಕೆಲವು ವರ್ಷ ರಿಯಾದ್‌ನಲ್ಲೇ ಇದ್ದರು. ಅವರು 2018ರಲ್ಲಿ ಯಾಕೆ ವಾಪಸ್ ಬಂದರು ಎಂಬುದೂ ಈ ಪುಸ್ತಕ ಬರೆಯುವಾಗಲೇ ನನಗೆ ಗೊತ್ತಾಯಿತು. ನಾನಾಗ ಚಿಕ್ಕವ. ಮಕ್ಕಳ ಓದಿಗೆ ಬಂದರು ಎಂದಷ್ಟೇ ಹೇಳಿದ್ದರು. 2017ರ ಜುಲೈಯಿಂದ ವಿದೇಶಿ ನೌಕರನ ಅವಲಂಬಿತರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಮರುವರ್ಷ 200, ಅದರ ಮರುವರ್ಷ 300, 2020ಕ್ಕೆ 400. ನಾಲ್ವರಿಗೆ ಮೊದಲ ವರ್ಷ 4,800 ರಿಯಾಲ್, ಎರಡನೇ ವರ್ಷ 9,600. ಉಳಿದಿದ್ದರೆ ನಾಲ್ಕನೇ ವರ್ಷಕ್ಕೆ 19,200 ರಿಯಾಲ್ ಆಗುತ್ತಿತ್ತು. ಅವರ ಈಗಿನ ಸಂಬಳ 5,000 ಎಂದು ನೆನಪಿಡಿ. ಸುಮಾರು ನಾಲ್ಕು ತಿಂಗಳ ದುಡಿಮೆ, ಬರೀ ಹೆಂಡತಿ ಮಕ್ಕಳು ಜೊತೆಗಿರುವುದಕ್ಕೆ. ಮಾಮು ಎರಡನೇ ವರ್ಷ ಕಟ್ಟುವ ಮೊದಲೇ ಟಿಕೆಟ್ ಮಾಡಿಸಿದರು.

ಇನ್ನು ಕೈಗೆ ಬರುವ ಹಣ. ಗಲ್ಫ್‌ನಲ್ಲಿ ನಮ್ಮವರಿಗೆ ಪಿಂಚಣಿ ಇಲ್ಲ. ಅದರ ಬದಲು ಕೆಲಸ ಮುಗಿದಾಗ ಒಂದು ಇಡಿಗಂಟು ಕೊಡುತ್ತಾರೆ, ನಮ್ಮ ಗ್ರಾಚ್ಯುಯಿಟಿಯ ಹಾಗೆ. ಸೌದಿ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ಒಂದು ತಿಂಗಳದ್ದು. ಕೊನೆಯ ಸಂಬಳವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 24 ವರ್ಷಕ್ಕೆ ಇಪ್ಪತ್ತೊಂದೂವರೆ ತಿಂಗಳು, ಅಂದರೆ 1,07,500 ರಿಯಾಲ್ ಎಂದು ನಾನು ಖುಷಿಯಿಂದ ಬರೆದೆ. ಮಾಮು ತಲೆ ಅಲ್ಲಾಡಿಸಿದರು. ಅವರು ಆರು ವರ್ಷ ಆದ ಮೇಲೆ ಮೊದಲ ಕಂಪನಿಗೆ ರಾಜೀನಾಮೆ ಕೊಟ್ಟು ಬೇರೆ ಕಡೆ ಸೇರಿದ್ದರು. ಕಂಪನಿ ಬದಲಾದರೆ ಎಣಿಕೆ ಮತ್ತೆ ಒಂದರಿಂದ ಶುರು. ಐದರಿಂದ ಹತ್ತು ವರ್ಷದ ಒಳಗೆ ತಾನಾಗಿ ಬಿಟ್ಟವರಿಗೆ ಮೂರನೇ ಎರಡು ಭಾಗ ಮಾತ್ರ. ಆಗಿನ 2,000 ರಿಯಾಲ್ ಸಂಬಳದ ಮೇಲೆ ಅವರಿಗೆ ಸಿಕ್ಕಿದ್ದು 4,667 ರಿಯಾಲ್. ಎರಡನೇ ಕಂಪನಿಯ 18 ವರ್ಷಕ್ಕೆ ಹದಿನೈದೂವರೆ ತಿಂಗಳು, 77,500 ರಿಯಾಲ್, ಸುಮಾರು 17 ಲಕ್ಷ 82 ಸಾವಿರ ರೂಪಾಯಿ. ಒಂದೇ ಕಡೆ ಇದ್ದಿದ್ದರೆ 24 ಲಕ್ಷ 72 ಸಾವಿರ ಆಗುತ್ತಿತ್ತು. "ಆಗ ಮುನ್ನೂರು ರಿಯಾಲ್ ಜಾಸ್ತಿ ಸಿಗುತ್ತೆ ಅಂತ ಹೋದೆ ಬೇಟಾ" ಎಂದರು. ಹೋದದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ, ಆ ಮುನ್ನೂರರಲ್ಲೇ ನನ್ನ ಅಮ್ಮಿಯ ಮದುವೆ ಆಗಿದೆ. ಆದರೆ ಸಹಿ ಮಾಡುವ ದಿನ ಈ ಲೆಕ್ಕವನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ರಿಯಾಲ್ ಬಗ್ಗೆಯೂ ಒಂದು ಮಾತು, ಅರ್ಥಶಾಸ್ತ್ರ ಓದುವವರಿಗೆ. ರಿಯಾಲ್ 1986ರಿಂದ ಡಾಲರಿಗೆ 3.75 ಎಂದು ಕಟ್ಟಿಹಾಕಿಕೊಂಡಿದೆ. ಹಾಗಾಗಿ ನಮ್ಮ ರೂಪಾಯಿ ಡಾಲರ್ ಎದುರು ಇಳಿದಷ್ಟೂ ಮಾಮು ಕಳಿಸುವ ಹಣ ಇಲ್ಲಿ ಹೆಚ್ಚಾಗಿ ಕಾಣುತ್ತದೆ. 2001ರಲ್ಲಿ ರಿಯಾಲಿಗೆ ಹನ್ನೆರಡೂವರೆ ರೂಪಾಯಿ ಆಸುಪಾಸು ಇತ್ತು. ಮನೆಯಲ್ಲಿ ಎಲ್ಲರೂ "ಸಂಬಳ ಜಾಸ್ತಿಯಾಯ್ತು" ಎಂದುಕೊಂಡ ಎಷ್ಟೋ ವರ್ಷ ಸಂಬಳ ಅಷ್ಟೇ ಇತ್ತು, ಬದಲಾಗಿದ್ದು ದರ.

ಈಗ ದುಬೈ. ಯುಎಇ ಸರ್ಕಾರ 55 ದಾಟಿದ ನಿವೃತ್ತರಿಗೆ ಐದು ವರ್ಷದ ವೀಸಾ ಕೊಡುತ್ತದೆ, ಅದನ್ನು ನವೀಕರಿಸಬಹುದು. ಓದುವಾಗ ಆಸೆ ಹುಟ್ಟುತ್ತದೆ. ಷರತ್ತುಗಳಲ್ಲಿ ಒಂದು, 10 ಲಕ್ಷ ದಿರ್ಹಮ್ ಉಳಿತಾಯ ತೋರಿಸಬೇಕು. ಅದು ಆಗದಿದ್ದರೆ ಅಲ್ಲೇ ಬೆಲೆಬಾಳುವ ಆಸ್ತಿ ಇರಬೇಕು, ಇಲ್ಲವೇ ತಿಂಗಳು ತಿಂಗಳು ದೊಡ್ಡ ವರಮಾನ ಬರುತ್ತಿರಬೇಕು. ದಿರ್ಹಮ್‌ಗೆ 23 ಎಂದರೆ ಉಳಿತಾಯವೇ 2 ಕೋಟಿ 30 ಲಕ್ಷ. ನಾನು ಓದಿ ಹೇಳಿದಾಗ ಭಾಯಿ ಕಾಲ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಅವರೂ ಅಲ್ಲಿ ಕೆಲಸದ ವೀಸಾದ ಮೇಲೇ ಇರುವವರು. ಅಪ್ಪ ಮಗನನ್ನು ನಂಬಿ ಹೋದರೆ, ಮಗನ ಕೆಲಸ ಹೋದ ದಿನ ಇಬ್ಬರೂ ವಾಪಸ್.

ಕೆನಡಾ ಬೇರೆ ಜಾತಿಯ ದೇಶ. ಅಲ್ಲಿ ಕಾಯಂ ನಿವಾಸಿ ಆದರೆ ಮುಂದೆ ಪೌರತ್ವಕ್ಕೂ ದಾರಿ ಇದೆ, ಗಲ್ಫ್‌ನಲ್ಲಿ ಇಲ್ಲದ್ದು ಅದೇ. ಆದರೆ ಆ ದಾರಿ ವಯಸ್ಸು ನೋಡುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಪದ್ಧತಿಯಲ್ಲಿ 20ರಿಂದ 29ರವರಿಗೆ ವಯಸ್ಸಿನ ಪೂರ್ತಿ ಅಂಕ, 45 ತುಂಬಿದರೆ ಸೊನ್ನೆ. 17 ವರ್ಷದವರಿಗೂ ಸೊನ್ನೆ! ನಾನೂ ಮಾಮುವೂ ಆ ಕಾಲಂನಲ್ಲಿ ಸರಿಸಮ ಎಂದು ಎಲ್ಲರೂ ನಕ್ಕರು. ಆಪಾ ಹೇಳಿದ್ದು ಸೂಪರ್ ವೀಸಾ. ಮಕ್ಕಳು ಅಲ್ಲಿದ್ದರೆ ಅಪ್ಪ ಅಮ್ಮ ಒಂದು ಸಲ ಹೋಗಿ ಐದು ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಸ್ವಂತ ದುಡ್ಡಿನಲ್ಲಿ ಮಾಡಿಸಬೇಕು, ಕೆಲಸ ಮಾಡುವ ಹಾಗಿಲ್ಲ. ಮಾಮುಗೆ ಸಕ್ಕರೆ ಕಾಯಿಲೆ, ವಿಮೆ ದುಬಾರಿ. ಅಲ್ಲಿನ ವೃದ್ಧಾಪ್ಯ ಪಿಂಚಣಿಗೆ 65 ವರ್ಷ ಆಗಿರಬೇಕು, ದೊಡ್ಡವರಾದ ಮೇಲೆ ಕನಿಷ್ಠ 10 ವರ್ಷ ಅಲ್ಲಿ ಬಾಳಿರಬೇಕು. ಮುಮಾನಿ ಈ ಯಾವುದನ್ನೂ ಕೇಳಲಿಲ್ಲ. "ಅವರಿಬ್ಬರೂ ಡ್ಯೂಟಿಗೆ ಹೋದ ಮೇಲೆ ಮಧ್ಯಾಹ್ನ ನಾನು ಯಾರ ಜೊತೆ ಮಾತಾಡಲಿ?" ಎಂದು ಕೇಳಿದರು. ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಆಮೇಲೆ ಹಾಕಿದೆ.

ಖಾಲೂ ಅವರ ಮಲೇಷ್ಯಾ ಬೇಗ ಮುಗಿಯಿತು. 2002ರಲ್ಲಿ ಶುರುವಾದ ಅಲ್ಲಿನ ಎರಡನೇ ಮನೆ ಯೋಜನೆ 2021ರಲ್ಲಿ ತಿಂಗಳಿಗೆ 40,000 ರಿಂಗಿಟ್ ವರಮಾನ ಕೇಳಿತು. 2024ರಲ್ಲಿ ಸಡಿಲಿಸಿದ ಮೇಲೂ ಬೆಳ್ಳಿ ದರ್ಜೆಗೆ ಒಂದೂವರೆ ಲಕ್ಷ ಅಮೆರಿಕನ್ ಡಾಲರ್ ಠೇವಣಿ ಬೇಕು.

ಹೀಗೆ ಪುಟ ತಿರುಗಿಸುತ್ತ ಹೋದಾಗ ನನಗೆ ಕಂಡದ್ದು ಇಷ್ಟು. ನಾವು ದೇಶ ಆರಿಸುವಾಗ ಮೊದಲ ಕಾಲಂ ಮಾತ್ರ ನೋಡುತ್ತೇವೆ: ಸಂಬಳ ಎಷ್ಟು, ತೆರಿಗೆ ಇದೆಯೋ ಇಲ್ಲವೋ. ಕೊನೆಯ ಕಾಲಂ, ಅಂದರೆ ಸಂಬಳ ನಿಂತ ದಿನ ಆ ನೆಲದಲ್ಲಿ ಯಾರ ಅನುಮತಿಯಿಂದ ಇರುತ್ತೇವೆ ಎಂಬುದನ್ನು ಹೋಗುವಾಗ ಯಾರೂ ತುಂಬಿಸುವುದಿಲ್ಲ. ಮಾಮುಗೆ ಆ ಕಾಲಂ ದುಡ್ಡಿಲ್ಲದೆ ತುಂಬುವುದು ಒಂದೇ ದೇಶದಲ್ಲಿ. ಸುಲ್ತಾನ್‌ಪಾಳ್ಯದ ಅಂಗಡಿಯಲ್ಲಿ ಹಾಲು ತರಲು ಯಾವ ಇಕಾಮಾನೂ ಬೇಕಿಲ್ಲ.

ಹಾಗಂತ ಬೆಂಗಳೂರು ಪುಕ್ಕಟೆ ಅಲ್ಲ. ವಾಪಸ್ ಬರುವವರು ಮುಂಚೆಯೇ ಮಾಡಿಕೊಳ್ಳಬೇಕಾದ ಕೆಲಸಗಳಿವೆ, ಇವನ್ನು ಮನೆಯ ದೊಡ್ಡವರಿಗೆ ಓದಿ ಹೇಳಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಇಲ್ಲಿ ಹೊಸ ಪಾಲಿಸಿ ತೆಗೆದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ಅಲ್ಲಿ ಕೆಲಸದಲ್ಲಿ ಇರುವಾಗಲೇ ಇಲ್ಲಿ ಪಾಲಿಸಿ ಮಾಡಿಸಿಟ್ಟರೆ ಕಾಯುವ ಕಾಲ ಅಲ್ಲೇ ಕಳೆಯುತ್ತದೆ. ಕಾಯಂ ವಾಪಸ್ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ, ಬ್ಯಾಂಕಿಗೆ ಹೇಳಿ ಬದಲಿಸಬೇಕು. ಬಹಳ ವರ್ಷ ಹೊರಗಿದ್ದು ಬಂದವರಿಗೆ ಮೊದಲ ಎರಡು ಮೂರು ವರ್ಷ ಆದಾಯ ತೆರಿಗೆಯಲ್ಲಿ 'ಸಾಮಾನ್ಯ ನಿವಾಸಿ ಅಲ್ಲದ ನಿವಾಸಿ' ಎಂಬ ಸ್ಥಾನ ಸಿಗುತ್ತದೆ, ಆಗ ಹೊರದೇಶದ ವರಮಾನಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ದೊಡ್ಡಬಳ್ಳಾಪುರದ ಕಡೆ ಒಂದೆಕರೆ ತೆಗೆದುಕೊಳ್ಳಿ ಎಂದು ಮಾಮುಗೆ ಎಷ್ಟೋ ಜನ ಹೇಳಿದ್ದಾರೆ. ಎನ್‌ಆರ್‌ಐ ಆಗಿರುವಾಗ ಕೃಷಿ ಭೂಮಿ ಕೊಳ್ಳಲು ಅವಕಾಶವೇ ಇಲ್ಲ. ವಾಪಸ್ ಬಂದ ಮೇಲೆ ಕೊಳ್ಳಬಹುದು, ರೈತರೇ ಆಗಿರಬೇಕೆಂಬ ನಿಯಮವನ್ನು ಕರ್ನಾಟಕ 2020ರಲ್ಲಿ ತೆಗೆದಿದೆ. ಇನ್ನು ರಾಷ್ಟ್ರೀಯ ಪಿಂಚಣಿ ಯೋಜನೆಗೆ, ಅಂದರೆ ಎನ್‌ಪಿಎಸ್‌ಗೆ, ಎನ್‌ಆರ್‌ಐಗಳೂ ಸೇರಬಹುದು. ಮಾಮುಗೆ ಅದು ಗೊತ್ತೇ ಇರಲಿಲ್ಲ.

ಬಡ್ಡಿಯ ಮೇಲೆ ಬದುಕುವುದು ಬೇಡ ಎನ್ನುವ ಮನೆ ನಮ್ಮದು. ಹಾಗಾಗಿ ಮಾಮುವಿನ ಪಿಂಚಣಿ ಎಂದರೆ ಬಾಡಿಗೆ. 2005ರಲ್ಲಿ ನೆಲ ಅಂತಸ್ತು, ಆಮೇಲೆ ಮೇಲೆ ಎರಡು. ಲೆಕ್ಕ ಬರೆಯುವಾಗ ಸುಮ್ಮನೆ ಅವರ ಪಾಸ್‌ಪೋರ್ಟುಗಳ ಮುದ್ರೆಗಳನ್ನು ಎಣಿಸಿದೆ. ಆ ಮನೆ ಕಟ್ಟಿದ ಮೇಲೆ 13 ರಜೆ, ಒಂದೊಂದೂ ಎರಡೆರಡು ತಿಂಗಳು. 20 ವರ್ಷದಲ್ಲಿ ಅವರು ಆ ಮನೆಯಲ್ಲಿ ಮಲಗಿದ್ದು ಎರಡು ವರ್ಷ ಎರಡು ತಿಂಗಳು. ಬಾಡಿಗೆಯವರು ಅವರಿಗಿಂತ ಜಾಸ್ತಿ ಇದ್ದಾರೆ. ಇದನ್ನು ಓದಿ ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಲಿಲ್ಲ. ಪುಸ್ತಕ ನೋಡುವಾಗ ಅವರೇ ಓದಿಕೊಂಡರು.

ನನ್ನ ವಿಷಯ. ಬಿ.ಕಾಂ. ಆದ ಮೇಲೆ ನನ್ನನ್ನು ದುಬೈಗೆ ಕರೆಸಿಕೊಳ್ಳುವುದಾಗಿ ಭಾಯಿ ಹೇಳಿದ್ದಾರೆ, ಅಬ್ಬಾಗೂ ಅದೇ ಆಸೆ. ನಾನು ಬೇಡ ಎಂದಿಲ್ಲ. ಹೋಗುವ ಆಲೋಚನೆ ಇರುವ ಗೆಳೆಯರಿಗೆ ಎರಡು ಮಾತು. ಎಸ್‌ಎಸ್‌ಎಲ್‌ಸಿ ಪಾಸಾದವರ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ ಬರಬೇಕಿಲ್ಲ, ಅರ್ಜಿ ಹಾಕುವಾಗ ಅಂಕಪಟ್ಟಿ ಕೊಡಿ. ಏಜೆಂಟ್ ಮೂಲಕ ಹೋಗುವುದಾದರೆ ಇ-ಮೈಗ್ರೇಟ್ ತಾಣದಲ್ಲಿ ಅವನ ಲೈಸೆನ್ಸ್ ನೋಡಿ. ಅವನು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 35,400. ರಸೀದಿ ಕೇಳಿ.

ಮಾಮು ರಿಯಾದ್‌ಗೆ ಮರಳುವಾಗ ನನ್ನ ಪುಟಗಳ ಫೋಟೋ ತೆಗೆದುಕೊಂಡು ಹೋದರು. ಎರಡನೇ ಮಹಡಿಯವರಿಗೆ ಮನೆ ಖಾಲಿ ಮಾಡಲು ಈಗಲೇ ಹೇಳಿಯಾಗಿದೆ, ನಾನಿಗೆ ಮೆಟ್ಟಿಲು ಆಗುವುದಿಲ್ಲವಾದ್ದರಿಂದ ಮಾಮುವೇ ಮೇಲಿರುತ್ತಾರಂತೆ. ಕಳೆದ ಶುಕ್ರವಾರ ಅವರಿಂದ ಒಂದು ವಾಯ್ಸ್ ಮೆಸೇಜ್ ಬಂತು. ಅವರ ರೂಮಿನಲ್ಲಿರುವ ಭಟ್ಕಳದ ಒಬ್ಬರಿಗೂ ಗ್ರಾಚ್ಯುಯಿಟಿ ಲೆಕ್ಕ ಹಾಕಿಕೊಡಬೇಕಂತೆ. 19 ವರ್ಷ, ಮೂರು ಕಂಪನಿ, ಎರಡು ರಾಜೀನಾಮೆ. ಕಿರುಪರೀಕ್ಷೆ ಮುಗಿದ ಮೇಲೆ ಕಳಿಸುತ್ತೇನೆ ಎಂದಿದ್ದೇನೆ.