ಔನ್ಸ್ ಲೆಕ್ಕದ ಭಾನುವಾರ

ಐದು ಗಂಟೆ ಒಂದೇ ಕಡೆ ಕೂತು ಹಿಡಿದ ಮೀನನ್ನೆಲ್ಲ ತೂಗಿ, ತೂಕ ಬರೆದುಕೊಂಡು, ಕೊನೆಗೆ ಅದೇ ನೀರಿಗೆ ಬಿಟ್ಟು ಮನೆಗೆ ಹೋಗುವವರ ಆಟವಿದು. ಸಾರಿಗೂ ಇಲ್ಲ, ಹುರಿಯುವುದಕ್ಕೂ ಇಲ್ಲ, ಮಾರುವ ಮಾತಂತೂ ಇಲ್ಲವೇ ಇಲ್ಲ. ಮಲ್ಪೆಯಲ್ಲೋ ಕಾರವಾರದಲ್ಲೋ ಹೇಳಿದರೆ ತಲೆ ಕೆಟ್ಟಿದೆಯೇ ಎಂದಾರು. ಇಂಗ್ಲೆಂಡಿನ ಕಾಲುವೆ, ಕೆರೆ, ಹೊಳೆಗಳ ದಂಡೆಯಲ್ಲಿ ಮಾತ್ರ ಇದು ವಾರಾಂತ್ಯದ ಮಾಮೂಲಿ ನೋಟ. ‘ಕೋರ್ಸ್ ಫಿಶಿಂಗ್ ಮ್ಯಾಚ್’ ಎಂದು ಅದರ ಹೆಸರು.

ಮೀನಿನಲ್ಲೂ ಅಲ್ಲಿ ಮೇಲು ಕೀಳುಂಟು. ಸಾಲ್ಮನ್, ಟ್ರೌಟ್ ‘ಗೇಮ್’ ಮೀನುಗಳು. ಅವು ಓಡಾಡುವ ತಿಳಿನೀರಿನ ಹೊಳೆಗಳ ಹಕ್ಕು ಬಹುಪಾಲು ಜಮೀನುದಾರರದ್ದು, ಅಲ್ಲಿ ಗಾಳ ಹಾಕುವವರೂ ಹಣವಂತರು. ಮಿಕ್ಕ ಸಿಹಿನೀರಿನ ಮೀನುಗಳೆಲ್ಲ ‘ಕೋರ್ಸ್’: ಗೆಂಡೆ, ಅದರ ದಾಯಾದಿಗಳಾದ ರೋಚ್, ಬ್ರೀಮ್, ಟೆಂಚ್, ಬಾರ್ಬೆಲ್, ಜೊತೆಗೆ ಬೇರೆ ಕುಲದ ಪರ್ಚ್, ಪೈಕ್. ಇವು ಗಣಿ, ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುವವರ ಪಾಲಿಗೆ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಶೆಫೀಲ್ಡಿನ ಚಾಕು, ಕತ್ತರಿ ಮಾಡುವ ಕೆಲಸಗಾರರು ರಜೆ ಸಿಕ್ಕಾಗ ಗುಂಪುಗಟ್ಟಿಕೊಂಡು ಲಿಂಕನ್‌ಶೈರ್‌ನ ವಿಥಮ್ ಹೊಳೆಗೆ ಹೋಗುತ್ತಿದ್ದರು. ಊರಿನ ಪಬ್ಬೇ ಅವರ ಕ್ಲಬ್ಬು. ತಲೆಗಿಷ್ಟು ಎಂದು ದುಡ್ಡು ಹಾಕಿ, ಹೆಚ್ಚು ತೂಕ ಹಿಡಿದವನಿಗೆ ಕೊಡುವುದು ಅಲ್ಲಿಂದಲೇ ಬಂದ ರೂಢಿ.

ಮೊಟ್ಟೆಯಿಡುವ ಕಾಲದಲ್ಲಿ ಈ ಮೀನುಗಳನ್ನು ಹಿಡಿಯಬಾರದೆಂಬ ಕಾನೂನು ಬಂದದ್ದು 1878ರಲ್ಲಿ. ಅದನ್ನು ತಂದವರು ಶೆಫೀಲ್ಡಿನ ಸಂಸದ ಎ. ಜೆ. ಮುಂಡೆಲ್ಲಾ. ಆ ಕಾನೂನಿಗೆ ಇಂದಿಗೂ ಅವರದೇ ಹೆಸರು. ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಗಳಲ್ಲಿ ಗಾಳ ಹಾಕುವಂತಿಲ್ಲ. ಜೂನ್ 16 ಬಂತೆಂದರೆ ಗಾಳದವರಿಗೆ ಹಬ್ಬ, ರಾತ್ರಿ ಹನ್ನೆರಡಾಗುವುದನ್ನೇ ಕಾಯುತ್ತ ದಂಡೆಯಲ್ಲಿ ಕೂತಿರುವವರೂ ಇದ್ದಾರೆ. ಕಾಲುವೆಗಳ ಮೇಲಿನ ನಿರ್ಬಂಧವನ್ನು 2000ದಲ್ಲಿ ತೆಗೆದುಹಾಕಿದರು. ಹಾಗಾಗಿ ಕ್ಲಬ್ ಮ್ಯಾಚ್ ಹೇಗೆ ನಡೆಯುತ್ತದೆಂದು ನೋಡಬೇಕಿದ್ದರೆ ಕಾಲುವೆಯೇ ವಾಸಿ.

ಲೀಡ್ಸ್–ಲಿವರ್‌ಪೂಲ್ ಕಾಲುವೆಯನ್ನೇ ತೆಗೆದುಕೊಳ್ಳಿ. 1770ರಲ್ಲಿ ಅಗೆಯಲು ಶುರು ಮಾಡಿ 1816ರಲ್ಲಿ ಮುಗಿಸಿದ, 127 ಮೈಲಿ ಉದ್ದದ ಈ ಕಾಲುವೆ ಕಲ್ಲಿದ್ದಲು, ಹತ್ತಿ, ಸುಣ್ಣಕಲ್ಲು ಹೊತ್ತು ಬದುಕಿತು. ಜಾರ್ಜ್ ಆರ್ವೆಲ್‌ರ ಪುಸ್ತಕದಿಂದ ಹೆಸರಾದ ವಿಗನ್ ಇರುವುದು ಇದರ ದಂಡೆಯಲ್ಲೇ. ಗಣಿಗಳು ಮುಚ್ಚಿದವು, ಸರಕಿನ ದೋಣಿಗಳು ಹೋಗಿ ವಿಹಾರದ ದೋಣಿಗಳು ಬಂದವು, ಗಾಳದವರು ಮಾತ್ರ ಉಳಿದುಕೊಂಡರು. 2012ರಿಂದ ಇಂಥ ಬಹುಪಾಲು ಕಾಲುವೆಗಳನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್‌ನಿಂದ ಕ್ಲಬ್ಬುಗಳು ಇಷ್ಟಿಷ್ಟು ದಂಡೆಯನ್ನು ಗುತ್ತಿಗೆಗೆ ಹಿಡಿಯುತ್ತವೆ.

ದಿನ ಶುರುವಾಗುವುದು ನೀರಿನ ಹತ್ತಿರವಲ್ಲ, ಯಾವುದಾದರೂ ಪಬ್ಬಿನದೋ ಕೆಫೆಯದೋ ಅಂಗಳದಲ್ಲಿ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಟೀ, ಬೇಕನ್ ತುರುಕಿದ ಬನ್ನು, ಹೋದ ವಾರದ ಸುದ್ದಿ. ಕಾರ್ಯದರ್ಶಿ ದುಡ್ಡು ತೆಗೆದುಕೊಂಡು ಚೀಲ ಮುಂದೆ ಹಿಡಿಯುತ್ತಾನೆ. ಒಳಗಿರುವುದು ನಂಬರು ಬರೆದ ಬಿಲ್ಲೆಗಳು. ಕೈಗೆ ಸಿಕ್ಕ ನಂಬರೇ ಇವತ್ತಿನ ಜಾಗ, ಅವರ ಬಾಯಲ್ಲಿ ‘ಪೆಗ್’. ದಂಡೆಯುದ್ದಕ್ಕೂ ಹದಿನೈದಿಪ್ಪತ್ತು ಮೀಟರಿಗೊಂದರಂತೆ ಗುರುತು ಹಾಕಿರುತ್ತಾರೆ. ಬಂದ ನಂಬರಿಗೆ ಹೋಗಿ ಕೂರಲೇಬೇಕು, ಬದಲಾಯಿಸಿಕೊಳ್ಳುವಂತಿಲ್ಲ.

ಅರ್ಧ ಮ್ಯಾಚು ಈ ಚೀಲದಲ್ಲೇ ಮುಗಿಯುತ್ತದೆಂದು ಗೊಣಗುವವರು ಎಲ್ಲ ಕ್ಲಬ್ಬಿನಲ್ಲೂ ಇದ್ದಾರೆ. ಪೂರ್ತಿ ಸುಳ್ಳೇನಲ್ಲ. ಸಾಲಿನ ತುದಿಯ ಪೆಗ್ಗಿಗೆ ಒಂದು ಪಕ್ಕದಲ್ಲಿ ಪ್ರತಿಸ್ಪರ್ಧಿಯೇ ಇರುವುದಿಲ್ಲ. ಆ ಕಡೆಯಿಂದ ಬಂದ ಮೀನೆಲ್ಲ ಅವನದೇ. ಎದುರು ದಂಡೆಯ ಪೊದೆ ನೀರಿಗೆ ಬಾಗಿರುವ ಜಾಗ, ದೋಣಿ ತಿರುಗಿಸಲು ಅಗಲ ಮಾಡಿರುವ ಜಾಗ ಇವೂ ಹಾಗೆಯೇ. ಬೋಳು ದಂಡೆಯ ನಡುಮಧ್ಯದ ಪೆಗ್ ಬಂದವನ ಮುಖ ನೋಡಬೇಕು. ಇದಕ್ಕೊಂದು ಪರಿಹಾರವನ್ನೂ ಕಂಡುಕೊಂಡಿದ್ದಾರೆ. ಅಕ್ಕಪಕ್ಕದ ಐದಾರು, ಹತ್ತು ಪೆಗ್ಗುಗಳನ್ನು ಸೇರಿಸಿ ‘ಸೆಕ್ಷನ್’ ಮಾಡುತ್ತಾರೆ. ಒಟ್ಟಾರೆ ಗೆದ್ದವರಿಗಲ್ಲದೆ ಪ್ರತಿ ಸೆಕ್ಷನ್ನಿನ ಮೊದಲಿಗನಿಗೂ ದುಡ್ಡುಂಟು. ಕೆಟ್ಟ ನೀರಿಗೆ ಬಿದ್ದವನು ಅಂಥದೇ ನೀರಿಗೆ ಬಿದ್ದ ನಾಲ್ಕೈದು ಮಂದಿಯನ್ನು ಸೋಲಿಸಿದರೆ ಸಾಕು.

ಸಾಮಾನಿನ ಭಾರವಂತೂ ಒಂಟಿ ಮನುಷ್ಯ ಹೊರುವಂಥದ್ದಲ್ಲ. ಡ್ರಾಯರುಗಳಿರುವ ಸೀಟ್‌ಬಾಕ್ಸು, ಬಲೆಗಳು, ತಟ್ಟೆ ಬಟ್ಟಲುಗಳು, ಕೊಡೆ ಎಲ್ಲವನ್ನೂ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಇದರಲ್ಲಿ ರಾಜನೆಂದರೆ ಪೋಲ್: ತುಂಡು ತುಂಡಾಗಿ ಜೋಡಿಸುವ ಕಾರ್ಬನ್ ಫೈಬರ್ ಕೋಲು, ಹದಿನಾರು ಮೀಟರ್‌ವರೆಗೂ ಉದ್ದ. ಬೆಲೆ ಸಾವಿರಾರು ಪೌಂಡಿಗೆ ಹೋಗುತ್ತದೆ. ಇದಕ್ಕೆ ದಾರ ಸುತ್ತುವ ರೀಲ್ ಇಲ್ಲ. ತುದಿಯ ತುಂಡುಗಳ ಒಳಗೆ ಎಲಾಸ್ಟಿಕ್ ಓಡುತ್ತದೆ, ಅದರ ಕೊನೆಗೆ ದಾರ, ಬೆಂಡು, ಗಾಳ. ಮೀನು ಎಳೆದರೆ ಎಲಾಸ್ಟಿಕ್ ಹಿಗ್ಗಿ ಪೆಟ್ಟು ತಡೆದುಕೊಳ್ಳುತ್ತದೆ. ಕೂತವನು ಕೋಲನ್ನು ರೋಲರಿನ ಮೇಲೆ ಹಿಂದಕ್ಕೆ ಜಾರಿಸಿ, ತುದಿಯ ತುಂಡನ್ನಷ್ಟೇ ಕಳಚಿ ಮೀನನ್ನು ಕೈಬಲೆಗೆ ತಂದುಕೊಳ್ಳುತ್ತಾನೆ. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಗೆ ಕೋಲು ತಾಗಿ ಸತ್ತವರಿದ್ದಾರೆ, ಆದ್ದರಿಂದ ಹೈಟೆನ್ಷನ್ ಲೈನಿನ ಕೆಳಗೆ ಪೆಗ್ ಹಾಕುವುದಿಲ್ಲ.

ಇಷ್ಟುದ್ದದ ಕೋಲಿನ ತುದಿಯಲ್ಲಿ ನೇತಾಡುವ ಬೆಂಡು ತಡೆಯುವ ತೂಕ ಎಷ್ಟು ಗೊತ್ತೇ? ಕಾಲುವೆಯಲ್ಲಿ ಗ್ರಾಮಿನ ಹತ್ತನೆಯ ಒಂದು ಭಾಗ. ಗಾಳದ ಅಳತೆ 20, 22; ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು. ದಾರ ತಲೆಗೂದಲಿನಷ್ಟು ತೆಳು. ದಾರಕ್ಕೆ ಹಿಚುಕುವ ಗುಂಡುಗಳು ಮೊದಲು ಸೀಸದವಾಗಿದ್ದವು. ದಡದಲ್ಲಿ ಚೆಲ್ಲಿದ ಗುಂಡುಗಳನ್ನು ಹಂಸಗಳು ನುಂಗಿ ವಿಷವೇರಿ ಸಾಯತೊಡಗಿದ ಮೇಲೆ 1987ರಲ್ಲಿ ಒಂದು ಔನ್ಸ್‌ವರೆಗಿನ ಸೀಸದ ಗುಂಡುಗಳ ಬಳಕೆಯನ್ನು, ತೀರಾ ಸಣ್ಣವನ್ನು ಬಿಟ್ಟು, ನಿಲ್ಲಿಸಿದರು. ಹಂಸಗಳು ಚೇತರಿಸಿಕೊಂಡವು. ಈಗ ಅವು ಎಸೆದ ತಿಂಡಿಗೆ ಬಂದು ಮ್ಯಾಚು ಕೆಡಿಸುತ್ತವೆಂದು ಬೈಸಿಕೊಳ್ಳುತ್ತವೆ.

ಸೀಟಿ ಊದುವ ಮೊದಲು ಮೇವು ಹಾಕುವಂತಿಲ್ಲ, ಆಳ ನೋಡಬಹುದು. ಗಾಳಕ್ಕೊಂದು ಭಾರ ಸಿಕ್ಕಿಸಿ ಇಳಿಬಿಟ್ಟು, ತಳ ಎಲ್ಲಿ ಇಳಿಜಾರಾಗುತ್ತದೆ, ದೋಣಿ ಓಡಾಡಿ ತೋಡಾದ ನಡುಗಾಲುವೆ ಎಲ್ಲಿಂದ ಶುರು, ಎದುರು ದಂಡೆಯ ಕೆಳಗಿನ ಮೆಟ್ಟಿಲು ಎಷ್ಟು ಆಳ ಎಂದು ಬೆರಳಗಲದ ಲೆಕ್ಕದಲ್ಲಿ ಅಳೆಯುತ್ತಾರೆ. ಪಕ್ಕದ ತಟ್ಟೆಗಳಲ್ಲಿ ಬಿಳಿ, ಕೆಂಪು ಬಣ್ಣದ ನೊಣದ ಮರಿಹುಳಗಳು, ಅಂದರೆ ಮ್ಯಾಗಟ್, ಅವೇ ಕೋಶ ಕಟ್ಟಿ ಕಂದಾದರೆ ಕ್ಯಾಸ್ಟರ್, ಕತ್ತರಿಸಿದ ಎರೆಹುಳು, ಬ್ರೆಡ್ಡಿನ ಪುಡಿ ಕಲಸಿದ ಉಂಡೆ, ಬೇಯಿಸಿದ ಹೆಂಪ್ ಬೀಜ. ಈ ಹೆಂಪ್ ನಮ್ಮ ಗಾಂಜಾದ ಸಂಬಂಧಿಯೇ, ಮೀನಿಗೆ ಅದೆಂದರೆ ಪ್ರಾಣ. ಕ್ಯಾಸ್ಟರನ್ನು ಜನಪ್ರಿಯ ಮಾಡಿದವರೆಂದು ಹೆಸರಾದ ಬೆನ್ನಿ ಆಶ್‌ಹರ್ಸ್ಟ್ ಇದೇ ಕಾಲುವೆಯ ಕವಲು ಹಾದುಹೋಗುವ ಲೀ ಪಟ್ಟಣದವರು. ಅವರ ಮಗ ಕೆವಿನ್ 1982ರಲ್ಲಿ ವಿಶ್ವ ಚಾಂಪಿಯನ್ ಆದರು.

ಹತ್ತು ಗಂಟೆಗೆ ಸೀಟಿ, ಇಲ್ಲವೇ ‘ಆಲ್ ಇನ್’ ಎಂಬ ಕೂಗು. ನೋಡಲು ಹೋದವರಿಗೆ ಅಲ್ಲಿಂದಾಚೆ ಏನೂ ಆಗುತ್ತಿಲ್ಲವೆಂದೇ ಅನ್ನಿಸುತ್ತದೆ. ಎಲ್ಲವೂ ಆಗುತ್ತಿರುವುದು ಆಗಲೇ, ಮತ್ತು ನನ್ನ ಎಣಿಕೆಯಲ್ಲಿ ಅದರಲ್ಲಿ ಗಾಳದ ಪಾಲು ಕಮ್ಮಿ, ಮೇವು ಹಾಕುವ ಕೈಯದೇ ಹೆಚ್ಚು. ಕಾಲುವೆಯಲ್ಲಿ ಮೀನು ಎಲ್ಲೆಲ್ಲೋ ಚದುರಿರುತ್ತದೆ. ಅದನ್ನು ತನ್ನ ಬೆಂಡಿನ ಕೆಳಗೆ ಕರೆತಂದು, ಐದು ಗಂಟೆ ಅಲ್ಲೇ ನಿಲ್ಲಿಸಿಕೊಂಡು, ಹಸಿವು ತೀರದಂತೆ ನೋಡಿಕೊಳ್ಳಬೇಕು. ಆರೇಳು ಹುಳ, ಒಂದು ನಿಮಿಷ ಬಿಟ್ಟು ಮತ್ತೆ ಆರೇಳು. ಕಡಿಮೆಯಾದರೆ ಮೀನು ಪಕ್ಕದವನತ್ತ ಸರಿಯುತ್ತದೆ, ಹೆಚ್ಚಾದರೆ ಹೊಟ್ಟೆ ತುಂಬಿ ಗಾಳದ ಹುಳವನ್ನು ಮೂಸಿಯೂ ನೋಡುವುದಿಲ್ಲ. ನೀರಿಗೆ ಹಾಕಿದ್ದನ್ನು ವಾಪಸ್ ತೆಗೆಯುವ ದಾರಿಯಿಲ್ಲ. ಹೊಸಬರು ಸೋಲುವುದು ಬಹುಪಾಲು ಇಲ್ಲಿಯೇ. ಮೀನು ಕಚ್ಚದಿದ್ದಾಗ ಕೈ ತಾನಾಗಿ ಮೇವಿನ ಬಟ್ಟಲಿಗೆ ಹೋಗುತ್ತದೆ.

ಒಂದೇ ಕಡೆ ಮೇವು ಹಾಕಿದರೂ ಆಗದು. ಹತ್ತಿರದ ಇಳಿಜಾರಿನಲ್ಲಿ ಒಂದು ಜಾಗ, ನಡುಗಾಲುವೆಯಲ್ಲೊಂದು, ಎದುರು ದಂಡೆಗೆ ತಾಗಿಕೊಂಡು ಎರೆಹುಳು, ಕ್ಯಾಸ್ಟರ್ ಬೆರೆಸಿ ಮತ್ತೊಂದು. ಮೊದಲ ಎರಡರಲ್ಲಿ ಸಣ್ಣ ಮೀನು, ಮೂರನೆಯದರಲ್ಲಿ ಬಂದರೆ ದೊಡ್ಡದು. ಇಲ್ಲಿ ಲೆಕ್ಕ ಶುರು. ಅರ್ಧ ಔನ್ಸ್ ತೂಗುವ ಮೀನನ್ನು ಗಂಟೆಗೆ ಮೂವತ್ತರಂತೆ ಐದು ಗಂಟೆ ಹಿಡಿದರೆ ನೂರೈವತ್ತು ಮೀನು, 75 ಔನ್ಸ್, ಎಂದರೆ 4 ಪೌಂಡ್ 11 ಔನ್ಸ್. ನಮ್ಮ ಅಳತೆಯಲ್ಲಿ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಎದುರು ದಂಡೆಯಲ್ಲಿ ಕಾದು ಕೂತವನಿಗೆ ಒಂದೇ ಒಂದು ದೊಡ್ಡ ಬ್ರೀಮ್ ಬಿದ್ದರೂ ಅಷ್ಟೇ ತೂಕ. ಬೀಳದಿದ್ದರೆ ಸೊನ್ನೆ. ಯಾವಾಗ ಸಣ್ಣದನ್ನು ಬಿಟ್ಟು ದೊಡ್ಡದರ ಆಸೆಗೆ ಹೋಗಬೇಕು, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದನ್ನು ಯಾರೂ ಕಲಿಸಿಕೊಡಲಾರರು. ಪಕ್ಕದವನ ಬಲೆಗೆ ಬಿದ್ದ ಸದ್ದು ಕೇಳಿ ಎದೆ ಬಡಿದುಕೊಂಡವನ ಲೆಕ್ಕ ತಪ್ಪಿತೆಂದೇ ಅರ್ಥ.

ನಡುವೆ ದೋಣಿ ಬರುತ್ತದೆ, ಕೋಲನ್ನೆಲ್ಲ ಹಿಂದಕ್ಕೆಳೆದುಕೊಳ್ಳಬೇಕು. ಬೈಯುವವರೇ ಹೆಚ್ಚಾದರೂ ಪಳಗಿದವರು ದೋಣಿಯನ್ನು ಕಾಯುತ್ತಾರೆ. ಅದು ತಳದ ಕೆಸರು ಕಲಕಿ ನೀರಿಗೆ ಬಣ್ಣ ಕೊಡುತ್ತದೆ, ತಿಳಿನೀರಿನಲ್ಲಿ ಹೆದರಿ ನಿಂತಿದ್ದ ಮೀನು ಆಮೇಲೆ ಧೈರ್ಯವಾಗಿ ಮೇಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಚ್ಚುವುದು ಒಮ್ಮೆಲೇ ನಿಂತರೆ ಕೆಳಗೆ ಪೈಕ್ ಬಂದಿದೆ ಎಂದು ಊಹೆ. ಗಾಳಕ್ಕೆ ಸಿಕ್ಕ ಮೀನನ್ನೇ ಅದು ಕಚ್ಚಿಕೊಂಡು ಹೋಗುವುದುಂಟು.

ಮೂರಕ್ಕೆ ‘ಆಲ್ ಔಟ್’. ಮುಕ್ಕಾಲಿ ಸ್ಟ್ಯಾಂಡು, ತಕ್ಕಡಿ, ಜಾಲರಿ ಚೀಲ ಹಿಡಿದು ತೂಕದವರು ಪೆಗ್ಗಿನಿಂದ ಪೆಗ್ಗಿಗೆ ಬರುತ್ತಾರೆ. ಅಲ್ಲಿಯವರೆಗೆ ಹಿಡಿದದ್ದೆಲ್ಲ ನೀರಿನಲ್ಲೇ ಮುಳುಗಿರುವ ಉದ್ದನೆಯ ಕೀಪ್‌ನೆಟ್ಟಿನಲ್ಲಿ ಜೀವಂತ. ಮೀನಿನ ಮೈ ಗೀರದಂತೆ ಅದರ ನೇಯ್ಗೆಯಲ್ಲಿ ಗಂಟು ಇರಕೂಡದೆಂಬ ನಿಯಮವಿದೆ. ತೂಕ ಪೌಂಡ್, ಔನ್ಸ್‌ನಲ್ಲಿ. ಇಬ್ಬರು ಸಮ ನಿಂತರೆ ಔನ್ಸಿನ ಹದಿನಾರನೆಯ ಭಾಗವಾದ ಡ್ರಾಮ್‌ವರೆಗೂ ಇಳಿಯುತ್ತಾರೆ. ತೂಗಿಸಲು ನಾಚಿಕೆಪಟ್ಟು ಮೊದಲೇ ನೀರಿಗೆ ಬಿಟ್ಟವನ ಹೆಸರಿನ ಮುಂದೆ ‘ತೂಗಿಸಲಿಲ್ಲ’ ಎಂದು ಬರೆಯುತ್ತಾರೆ. ಆ ಮೇಲೆ ಮತ್ತೆ ಪಬ್ಬು, ಲಕೋಟೆಗಳು. ಕ್ಲಬ್ ಮ್ಯಾಚಿನಲ್ಲಿ ಗೆದ್ದ ದುಡ್ಡು ಹುಳ, ಪೆಟ್ರೋಲಿಗೆ ಸರಿಹೋದರೆ ಹೆಚ್ಚು. ಕ್ರಿಸ್ಮಸ್ಸಿನ ಹೊತ್ತಿನ ‘ಫರ್ ಆ್ಯಂಡ್ ಫೆದರ್’ ಮ್ಯಾಚಿನಲ್ಲಿ ದುಡ್ಡಿನ ಬದಲು ಟರ್ಕಿ ಕೋಳಿ, ಮಾಂಸ, ಮದ್ಯದ ಬಾಟಲಿ ಬಹುಮಾನ, ಕಡೆಯವನಿಗೂ ಏನಾದರೊಂದು ಸಿಗುವಂತೆ ನೋಡಿಕೊಳ್ಳುತ್ತಾರೆ.

ಇಂಥ ಕ್ಲಬ್ಬುಗಳೇ ಸೇರಿ 1903ರಲ್ಲಿ ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು, 2009ರಲ್ಲಿ ಅದು ಆ್ಯಂಗ್ಲಿಂಗ್ ಟ್ರಸ್ಟ್‌ನಲ್ಲಿ ಸೇರಿಹೋಯಿತು. ಕವೆಂಟ್ರಿಯಲ್ಲಿ ಗಾಳದ ಅಂಗಡಿ ಇಟ್ಟಿದ್ದ ಬಿಲ್ಲಿ ಲೇನ್ 1963ರಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಇಂಗ್ಲಿಷ್ ಗಾಳಗಾರ. ಬಾಬ್ ನಡ್ ನಾಲ್ಕು ಸಲ, ಅಲನ್ ಸ್ಕಾಟ್‌ಥಾರ್ನ್ ಐದು ಸಲ ಗೆದ್ದರು. ಈಚೆಗೆ ದೊಡ್ಡ ದುಡ್ಡೆಲ್ಲ ಗೆಂಡೆ ತುಂಬಿದ ಖಾಸಗಿ ಕೊಳಗಳತ್ತ ಹರಿದಿದೆ. ಅಲ್ಲಿ ಗೆಲ್ಲಲು ನೂರಾರು ಪೌಂಡ್ ಮೀನು ಬೇಕಾಗುವುದೂ ಉಂಟು. 1994ರಿಂದ ನಡೆಯುತ್ತಿರುವ ‘ಫಿಶ್ ಒಮೇನಿಯಾ’ ಟೀವಿಯಲ್ಲೂ ಬರುತ್ತದೆ. ಕಾರು ಪಕ್ಕದಲ್ಲೇ ನಿಲ್ಲುತ್ತದೆ, ಕ್ಯಾಂಟೀನು ಇರುತ್ತದೆ, ಮೀನು ಸಿಗುವುದು ಖಾತ್ರಿ. ಅದರ ಸುಖ ಅದಕ್ಕಿರಲಿ. ನಾಲ್ಕು ಪೌಂಡಿಗೆ ಗೆಲ್ಲುವ ಕಾಲುವೆಯ ಮ್ಯಾಚಿನಲ್ಲಿ ಬುದ್ಧಿಗೆ ಕೆಲಸ ಜಾಸ್ತಿ ಎಂದೇ ನನ್ನ ಪಕ್ಷಪಾತ.

ನಮ್ಮ ನೆಲಕ್ಕೆ ಬಂದ ಇಂಗ್ಲಿಷರ ಗಾಳ ಬೇರೆಯದು. ಅಧಿಕಾರಿಗಳು, ತೋಟದ ದೊರೆಗಳು ಕಾವೇರಿ, ಕಬಿನಿಯಲ್ಲಿ ಮಹಶೀರ್ ಬೆನ್ನುಹತ್ತಿದರು. ಮೈಸೂರಿನಲ್ಲಿ ಸತ್ತ ಪ್ರಾಣಿಗಳ ತೊಗಲಿಗೆ ಮತ್ತೆ ಜೀವಕಳೆ ತರುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ತಮಾಷೆಯೆಂದರೆ ದೊರೆಗಳ ಆ ಮೀನೂ ಗೆಂಡೆಯ ಕುಲದ್ದೇ, ಗಣಿ ಕೆಲಸಗಾರರ ರೋಚ್ ಮೀನಿಗೆ ದಾಯಾದಿ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಕಾಲುವೆಯ ದಂಡೆಯಲ್ಲಿ ನಡೆದಾಡುವಾಗ ಇದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೈಹಾಕಿ ನೋಡುವ ಮನಸ್ಸಿದ್ದರೆ ಇಂಗ್ಲೆಂಡಿನಲ್ಲಿ 13 ವರ್ಷ ದಾಟಿದ ಎಲ್ಲರಿಗೂ ಎನ್ವಿರಾನ್ಮೆಂಟ್ ಏಜೆನ್ಸಿಯ ಲೈಸೆನ್ಸ್ ಬೇಕು, 16ರವರೆಗೆ ಅದಕ್ಕೆ ದುಡ್ಡಿಲ್ಲ. ಜೊತೆಗೆ ಆ ದಂಡೆ ಯಾವ ಕ್ಲಬ್ಬಿನದೋ ಅದರ ಚೀಟಿ. ನೋಡಲಷ್ಟೇ ಹೋದರೆ ಎರಡು ಮಾತು ನೆನಪಿರಲಿ. ಸೈಕಲ್ಲಿನಲ್ಲಿದ್ದರೆ ಇಳಿಯಿರಿ, ದಾರಿಗೆ ಅಡ್ಡ ಚಾಚಿರುವ ಕೋಲಿನ ಬೆಲೆ ನಿಮ್ಮ ಸೈಕಲ್ಲಿಗಿಂತ ಹೆಚ್ಚು. ಏನಾದರೂ ಸಿಕ್ಕಿತೇ ಎಂದು ಕೇಳಬಹುದು, ಯಾರೂ ಬೇಸರಪಡುವುದಿಲ್ಲ. ಆದರೆ ‘ಏನೋ ಒಂದೆರಡು ಚಿಲ್ಲರೆ’ ಎಂಬ ಉತ್ತರವನ್ನು ನಂಬಬೇಡಿ. ಪಕ್ಕದ ಪೆಗ್ಗಿನವನ ಕಿವಿ ಇತ್ತಲೇ ಇರುತ್ತದೆ.